ಕೃತಕ ಚರ್ಮಪರ್ಯಾಯಗಳು

ಸುಟ್ಟಗಾಯ, ಅಪಘಾತ, ಸೋಂಕು, ಮಧುಮೇಹದ ಹುಣ್ಣು ಅಥವಾ ಶಸ್ತ್ರಕ್ರಿಯೆಯಿಂದ ಚರ್ಮ ಕಳೆದುಹೋದ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚಲು, ಇಲ್ಲವೆ ಅಲ್ಲಿ ಹೊಸ ಚರ್ಮ ಕಟ್ಟಿಕೊಳ್ಳಲು ನೆರವಾಗುವಂತೆ ಜೈವಿಕ ಅಥವಾ ಸಂಶ್ಲೇಷಿತ ವಸ್ತುಗಳಿಂದ ತಯಾರಿಸಿದ ಪದರಗಳಿಗೆ ಕೃತಕ ಚರ್ಮಪರ್ಯಾಯ ಎಂದು ಹೆಸರು. ಗಾಯ ಮಾಯಿಸುವ ಚಿಕಿತ್ಸೆಯಲ್ಲೂ ಪುನಾರಚನಾ ಶಸ್ತ್ರಚಿಕಿತ್ಸೆಯಲ್ಲೂ ಇವುಗಳ ಬಳಕೆಯಿದೆ. ಈ ಲೇಖನವು ಚರ್ಮಪರ್ಯಾಯಗಳ ಹುಟ್ಟು, ರಚನೆ, ಬಗೆ ಮತ್ತು ಉಪಯೋಗಗಳನ್ನು ವಿವರಿಸುತ್ತದೆ. ಜೊತೆಗೆ ದೊಡ್ಡ ಸುಟ್ಟಗಾಯ ಘಟಕಗಳಿಂದ ದೂರವಿರುವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಅವುಗಳಲ್ಲಿ ಯಾವುದು ನಿಜಕ್ಕೂ ಕೈಗೆ ಸಿಗುತ್ತದೆ ಎಂಬುದನ್ನೂ ತಿಳಿಸುತ್ತದೆ.

ಪರಿಭಾಷೆ

ರೋಗಿಯ ದೇಹದಿಂದಲೇ ತೆಗೆದು ಅವನ ಗಾಯಕ್ಕೇ ಹಚ್ಚುವ ಚರ್ಮ ಸ್ವಕಸಿ. ಇನ್ನೊಬ್ಬ ಮನುಷ್ಯನಿಂದ, ಸಾಮಾನ್ಯವಾಗಿ ಮೃತ ದಾನಿಯಿಂದ, ಪಡೆದದ್ದು ಪರಕಸಿ. ಪ್ರಾಣಿಯಿಂದ ಬಂದದ್ದು ವಿಜಾತಿ ಕಸಿ. ಚರ್ಮದ ಒಂದು ತುಂಡನ್ನು ಅದರ ರಕ್ತನಾಳದ ಸಂಪರ್ಕ ಉಳಿಸಿಕೊಂಡೇ ಪಕ್ಕಕ್ಕೆ ತಿರುಗಿಸಿ ಹೊಲಿಯುವುದು ಪಟಲ ಶಸ್ತ್ರಕ್ರಿಯೆ, ಇದು ಕಸಿಯಲ್ಲ. ಈ ಲೇಖನದಲ್ಲಿ ‘ಚರ್ಮಪರ್ಯಾಯ’ ಎಂದಾಗ ಸ್ವಕಸಿ ಮತ್ತು ಪಟಲಗಳನ್ನು ಬಿಟ್ಟು ಉಳಿದೆಲ್ಲ ಹೊದಿಕೆಗಳು ಸೇರುತ್ತವೆ. ದಾನದ ಚರ್ಮ ಕಟ್ಟುನಿಟ್ಟಾದ ಅರ್ಥದಲ್ಲಿ ಕೃತಕವಲ್ಲ. ಆದರೂ ಬಳಕೆಯಲ್ಲಿ ಅದೇ ಕೆಲಸ ಮಾಡುವುದರಿಂದ ಅದನ್ನು ಇಲ್ಲಿ ಸೇರಿಸಿದೆ.

ಚರ್ಮದ ರಚನೆ ಮತ್ತು ಗಾಯ ಮಾಯುವ ಬಗೆ

ಚರ್ಮ ದೇಹದ ಅತಿ ದೊಡ್ಡ ಅಂಗ. ವಯಸ್ಕರಲ್ಲಿ ಅದರ ವಿಸ್ತೀರ್ಣ ಸುಮಾರು 1.5ರಿಂದ 2 ಚದರ ಮೀಟರ್. ಮೇಲಿನದು ಹೊರಚರ್ಮ. ಕೆರಟಿನೋಸೈಟ್ ಎಂಬ ಕೋಶಗಳು ತಳದಲ್ಲಿ ಹುಟ್ಟಿ, ಮೇಲೇರುತ್ತ ಚಪ್ಪಟೆಯಾಗಿ, ಕೊನೆಗೆ ಹೊಟ್ಟಾಗಿ ಉದುರುತ್ತವೆ. ಈ ಸುತ್ತು ಮುಗಿಯಲು ಸುಮಾರು ನಾಲ್ಕು ವಾರ ಬೇಕು. ಬಣ್ಣ ಕೊಡುವ ಮೆಲನೋಸೈಟ್‌ಗಳು ಇದೇ ಪದರದ ತಳದಲ್ಲಿವೆ. ಅದರ ಕೆಳಗಿನ ಒಳಚರ್ಮ ಬಹುಮಟ್ಟಿಗೆ ಕೊಲಾಜೆನ್ ಮತ್ತು ಎಲಾಸ್ಟಿನ್ ಎಳೆಗಳ ಹೆಣಿಗೆ. ಆ ಎಳೆಗಳನ್ನು ನೇಯುವವು ಫೈಬ್ರೊಬ್ಲಾಸ್ಟ್ ಕೋಶಗಳು. ರಕ್ತನಾಳ, ನರತುದಿ, ಬೆವರುಗ್ರಂಥಿ, ಕೂದಲ ಬುಡ ಎಲ್ಲ ಇರುವುದೂ ಇಲ್ಲೇ. ಎರಡು ಪದರಗಳನ್ನು ಆಧಾರಪೊರೆ ಒಂದಕ್ಕೊಂದು ಕಚ್ಚಿ ಹಿಡಿದಿರುತ್ತದೆ.

ಚರ್ಮಪರ್ಯಾಯ ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನು ನಿರ್ಧರಿಸುವುದು ಗಾಯದ ಆಳ. ಹೊರಚರ್ಮ ಹೋಗಿ ಒಳಚರ್ಮ ಉಳಿದಿದ್ದರೆ ಕೂದಲ ಬುಡ ಮತ್ತು ಗ್ರಂಥಿಗಳಲ್ಲಿ ಅವಿತಿರುವ ಕೆರಟಿನೋಸೈಟ್‌ಗಳು ಹೊರಬಂದು ಹರಡಿಕೊಳ್ಳುತ್ತವೆ. ಗಾಯ ಎರಡು ಮೂರು ವಾರಗಳೊಳಗೆ ತಾನೇ ಮಾಯುತ್ತದೆ. ಒಳಚರ್ಮ ಪೂರ್ತಿ ಸುಟ್ಟರೆ ಆ ಮೂಲವೇ ಇಲ್ಲವಾಗುತ್ತದೆ. ಆಗ ಹೊಸ ಹೊರಚರ್ಮ ಗಾಯದ ಅಂಚಿನಿಂದ ಮಾತ್ರ ತೆವಳಿ ಬರಬೇಕು. ಅಷ್ಟರಲ್ಲಿ ಗಾಯದ ತಳದಲ್ಲಿ ಕೆಂಪನೆಯ ಹರಳು ಅಂಗಾಂಶ ಬೆಳೆದು, ಅದರೊಳಗಿನ ಸಂಕೋಚಕ ಕೋಶಗಳು ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ಕುತ್ತಿಗೆ ಸುಟ್ಟವರ ಗದ್ದ ಎದೆಗೆ ಅಂಟುವುದು, ಕೈ ಸುಟ್ಟ ಮಗುವಿನ ಬೆರಳು ಅಂಗೈಗೆ ಮಡಚಿಕೊಳ್ಳುವುದು ಈ ಎಳೆತದಿಂದಲೇ. ಕಲೆಯ ಅಂಗಾಂಶ ಎಷ್ಟೇ ಬಲಿತರೂ ಮೂಲ ಚರ್ಮದ ಬಲದ ಸುಮಾರು ಶೇ 80ನ್ನು ದಾಟುವುದಿಲ್ಲ.

ಸುಟ್ಟ ಪ್ರಮಾಣವನ್ನು ಅಂದಾಜಿಸಲು ವಯಸ್ಕರಲ್ಲಿ ಒಂಬತ್ತರ ನಿಯಮ ಬಳಕೆಯಲ್ಲಿದೆ: ತಲೆ ಶೇ 9, ಒಂದೊಂದು ತೋಳು ಶೇ 9, ಒಂದೊಂದು ಕಾಲು ಶೇ 18, ಮುಂಡದ ಮುಂಭಾಗ ಮತ್ತು ಬೆನ್ನು ತಲಾ ಶೇ 18, ಉಳಿದ ಶೇ 1 ಜನನಾಂಗದ ಭಾಗ. ಬೆರಳೂ ಸೇರಿದಂತೆ ರೋಗಿಯ ಅಂಗೈ ಸುಮಾರು ಶೇ 1. ಆಳವಾಗಿ ಸುಟ್ಟ ಭಾಗ ಅರ್ಧ ಮೈಯನ್ನು ಮೀರಿದರೆ ಕಸಿಗೆ ತೆಗೆಯಲು ರೋಗಿಯಲ್ಲಿ ಸಾಕಷ್ಟು ಒಳ್ಳೆಯ ಚರ್ಮವೇ ಉಳಿದಿರುವುದಿಲ್ಲ. ಚರ್ಮಪರ್ಯಾಯಗಳ ಶೋಧಕ್ಕೆ ಮೂಲ ಒತ್ತಡ ಬಂದದ್ದು ಈ ಕೊರತೆಯಿಂದ.

ಇತಿಹಾಸ

ಕಳೆದುಹೋದ ಅಂಗಭಾಗವನ್ನು ಚರ್ಮದಿಂದ ಮರಳಿ ಕಟ್ಟುವ ವಿಧಾನ ಭಾರತದಲ್ಲಿ ಬಹು ಹಳೆಯದು. ಕೆನ್ನೆಯ ಚರ್ಮದಿಂದ ಮೂಗು ರೂಪಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಆ ವಿದ್ಯೆ ಯುರೋಪಿಗೆ ಹೊಸದಾಗಿ ತಿಳಿದ ಪ್ರಸಂಗಕ್ಕೆ ಮೈಸೂರಿನ ಇತಿಹಾಸದ ನಂಟಿದೆ. ಮೂರನೆಯ ಮೈಸೂರು ಯುದ್ಧದ ವೇಳೆ, 1792ರಲ್ಲಿ, ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಮುಂದೆ ಪುಣೆಯಲ್ಲಿ ದೇಸಿ ಚಿಕಿತ್ಸಕನೊಬ್ಬ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಅವನಿಗೆ ಮೂಗು ಕಟ್ಟಿದ. ಇದರ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ವಿಧಾನವನ್ನು ಮಾಡಿ ನೋಡಿದರು.

ಅದು ಪಟಲ ವಿದ್ಯೆ. ರಕ್ತಸಂಪರ್ಕ ಪೂರ್ತಿ ಕಡಿದು ಚರ್ಮವನ್ನು ಬೇರೆಡೆ ನೆಡುವ ಕಸಿಗೆ ಆಧುನಿಕ ಆರಂಭ 1869ರಲ್ಲಿ ಸ್ವಿಟ್ಜರ್ಲೆಂಡ್ ಮೂಲದ ರೆವರ್ಡಾ ಅವರಿಂದ ಆಯಿತು. ಅವರು ಹರಳು ಅಂಗಾಂಶದ ಮೇಲೆ ಹೊರಚರ್ಮದ ಪುಟ್ಟ ಚೂರುಗಳನ್ನಿಟ್ಟು ಅವು ಹಬ್ಬುವುದನ್ನು ತೋರಿಸಿದರು. 1964ರಲ್ಲಿ ಟ್ಯಾನರ್ ಮತ್ತು ವಾಂಡೆಪುಟ್ ಕಸಿಯನ್ನು ಯಂತ್ರದಿಂದ ಸೀಳಿ ಜಾಲರಿಯಾಗಿ ಹಿಗ್ಗಿಸುವ ಕ್ರಮ ತಂದರು. ಇದರಿಂದ ಒಂದು ಅಂಗೈಯಷ್ಟು ಚರ್ಮ ಮೂರು ಅಂಗೈಯಷ್ಟು ಗಾಯಕ್ಕೆ ಸಾಲುವಂತಾಯಿತು. 1970ರಲ್ಲಿ ಸ್ಲೊವೇನಿಯಾದ ಜೋರಾ ಯಾಂಜೆಕೊವಿಚ್ ಎಂಬ ವೈದ್ಯೆ ಸುಟ್ಟ ಅಂಗಾಂಶ ತಾನಾಗಿ ಕಳಚಲಿ ಎಂದು ವಾರಗಟ್ಟಲೆ ಕಾಯುವುದನ್ನು ಬಿಟ್ಟು, ಮೊದಲ ಕೆಲವೇ ದಿನಗಳಲ್ಲಿ ಪದರಪದರವಾಗಿ ಕೆತ್ತಿ ಕೂಡಲೇ ಮುಚ್ಚಬೇಕೆಂದು ತಮ್ಮ ಅನುಭವದಿಂದ ತೋರಿಸಿದರು. ಬೇಗ ಕೆತ್ತಿದರೆ ಬೇಗ ಮುಚ್ಚಲೇಬೇಕು. ಹೀಗಾಗಿ ಚರ್ಮಪರ್ಯಾಯದ ಬೇಡಿಕೆ ಇನ್ನಷ್ಟು ತೀವ್ರವಾಯಿತು.

ಅಮೆರಿಕದಲ್ಲಿ ಎರಡು ಧಾರೆಗಳು ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು. 1975ರಲ್ಲಿ ಜೇಮ್ಸ್ ರೈನ್ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಮನುಷ್ಯನ ಕೆರಟಿನೋಸೈಟ್‌ಗಳನ್ನು ತಟ್ಟೆಯಲ್ಲಿ ಪೀಳಿಗೆ ಪೀಳಿಗೆಯಾಗಿ ಬೆಳೆಸುವ ವಿಧಾನ ಕಂಡುಕೊಂಡರು. ಮೈಯೆಲ್ಲ ಸುಟ್ಟಿದ್ದ ಇಬ್ಬರು ಮಕ್ಕಳಿಗೆ ಹೀಗೆ ಬೆಳೆಸಿದ ಹೊರಚರ್ಮ ಹಚ್ಚಿ ಉಳಿಸಿದ ವರದಿ 1984ರಲ್ಲಿ ಪ್ರಕಟವಾಯಿತು. ಇತ್ತ ಬಾಸ್ಟನ್ನಿನಲ್ಲಿ ಶಸ್ತ್ರವೈದ್ಯ ಜಾನ್ ಬರ್ಕ್ ಮತ್ತು ವಸ್ತುವಿಜ್ಞಾನಿ ಐಯಾನಿಸ್ ಯಾನಸ್ ಹೊರಚರ್ಮವನ್ನು ಬಿಟ್ಟು ಒಳಚರ್ಮದತ್ತ ಗಮನ ಹರಿಸಿದರು. ದನದ ಕೊಲಾಜೆನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯ ಕಾಂಡ್ರಾಯ್ಟಿನ್ ಸಲ್ಫೇಟ್ ಸೇರಿಸಿ, ಮೇಲೆ ಸಿಲಿಕೋನ್ ಹೊದಿಸಿದ ಅವರ ‘ಕೃತಕ ಚರ್ಮ’ವನ್ನು ಹತ್ತು ರೋಗಿಗಳಿಗೆ ಹಚ್ಚಿದ ಫಲಿತಾಂಶ 1981ರಲ್ಲಿ ಹೊರಬಂತು. ‘ಇಂಟೆಗ್ರಾ’ ಹೆಸರಿನಲ್ಲಿ ಅದಕ್ಕೆ ಅಮೆರಿಕದ ಔಷಧ ಆಡಳಿತದ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ.

ಇಂಥ ಕೃತಕ ಚರ್ಮದ ಮೂಲದ್ರವ್ಯವಾದ ಕೊಲಾಜೆನ್‌ನ ಮೂರೆಳೆ ಹುರಿಯ ರಚನೆಯನ್ನು 1954-55ರಲ್ಲಿ ಮದರಾಸಿನಲ್ಲಿ ಬಿಡಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ರಾಮಚಂದ್ರನ್, ಮುಂದೆ ಅಲ್ಲಿಗೇ ಮರಳಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು.

ರಚನೆ ಮತ್ತು ಕೆಲಸ ಮಾಡುವ ರೀತಿ

ಚರ್ಮಪರ್ಯಾಯದಲ್ಲಿ ಮೂರು ಅಂಶಗಳಿರಬಹುದು: ಹಂದರ, ಕೋಶಗಳು ಮತ್ತು ಹೊರಗಿನ ತಡೆಪದರ. ಬಳ್ಳಿಗೆ ಹಾಕಿದ ಹಂದರದ ಹಾಗೆ, ಕೊಲಾಜೆನ್ ಜಾಲವು ರೋಗಿಯ ಫೈಬ್ರೊಬ್ಲಾಸ್ಟ್ ಮತ್ತು ರಕ್ತನಾಳಗಳಿಗೆ ಹಬ್ಬಲು ದಾರಿ ತೋರಿಸುತ್ತದೆ. ಜಾಲದ ರಂಧ್ರಗಳ ಅಳತೆ ಇಲ್ಲಿ ನಿರ್ಣಾಯಕ. ಇಂಟೆಗ್ರಾದಲ್ಲಿ ಅವು ಸುಮಾರು 70ರಿಂದ 200 ಮೈಕ್ರೊಮೀಟರ್. ಇದಕ್ಕಿಂತ ತೀರ ಕಿರಿದಾದರೆ ಕೋಶಗಳು ಒಳನುಗ್ಗಲಾರವು. ತೀರ ಹಿರಿದಾದರೆ ಹಿಡಿದುಕೊಳ್ಳಲು ಅವಕ್ಕೆ ಮೈ ಸಾಲದು. ಕಾಂಡ್ರಾಯ್ಟಿನ್ ಸೇರಿಸಿದ್ದರಿಂದ ಹಂದರ ಕರಗುವ ವೇಗ ಹತೋಟಿಗೆ ಬರುತ್ತದೆ. ಹಳೆಯ ಹಂದರ ಕರಗುವುದೂ ಹೊಸ ಒಳಚರ್ಮ ನೇಯುವುದೂ ಜೊತೆಜೊತೆಗೆ ಸಾಗಬೇಕು.

ಮೇಲಿನ ಸಿಲಿಕೋನ್ ನೀರು ಆವಿಯಾಗದಂತೆ, ರೋಗಾಣು ಒಳಬಾರದಂತೆ ತಡೆಯುತ್ತದೆ. ಎರಡು ಮೂರು ವಾರಗಳಲ್ಲಿ ಕೆಳಗಿನ ಪದರಕ್ಕೆ ರಕ್ತನಾಳ ಹಬ್ಬಿದೆ ಎಂಬುದನ್ನು ಅದರ ಬಣ್ಣದಿಂದ ಗುರುತಿಸುತ್ತಾರೆ. ಮೊದಲು ಕೆಂಪಾಗಿದ್ದದ್ದು ಕ್ರಮೇಣ ಹಳದಿ-ಕಿತ್ತಳೆಯ ಛಾಯೆಗೆ ತಿರುಗುತ್ತದೆ. ಆಗ ಸಿಲಿಕೋನ್ ಸುಲಿದು, ರೋಗಿಯದೇ ತೀರ ತೆಳುವಾದ ಹೊರಚರ್ಮದ ಕಸಿಯನ್ನು ಹಚ್ಚುತ್ತಾರೆ. ಅಂದರೆ ಅತ್ಯಂತ ಪ್ರಸಿದ್ಧವಾದ ಕೃತಕ ಚರ್ಮವೂ ಕೊನೆಗೆ ರೋಗಿಯ ಚರ್ಮವನ್ನೇ ಬೇಡುತ್ತದೆ. ಅದು ಉಳಿಸಿಕೊಡುವುದು ಆ ಬೇಡಿಕೆಯ ದಪ್ಪವನ್ನು ಮತ್ತು ಕಾಯುವ ಅವಕಾಶವನ್ನು. ತೆಳುವಾಗಿ ಚರ್ಮ ತೆಗೆದ ಜಾಗ, ಅಂದರೆ ದಾನಿಜಾಗ, ಬೇಗ ಮಾಯುತ್ತದೆ, ಅಲ್ಲಿಂದಲೇ ಮತ್ತೆ ತೆಗೆಯಬಹುದು. ಕೆಳಗೆ ಒಳಚರ್ಮ ಕೂತಿರುವುದರಿಂದ ಕಸಿ ಕಡಿಮೆ ಮುದುಡುತ್ತದೆ.

ಬಗೆಗಳು

ತಾತ್ಕಾಲಿಕ ಹೊದಿಕೆಗಳು. ಭಾರತದ ಆಸ್ಪತ್ರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡುವುದು ಕೊಲಾಜೆನ್ ಹಾಳೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ದಶಕಗಳ ಕೆಲಸ ಇದರ ಹಿಂದಿದೆ. ಒದ್ದೆ ಹಾಳೆ ಆಲ್ಕೊಹಾಲ್ ಬೆರೆತ ದ್ರವದಲ್ಲಿ ಮುಚ್ಚಿದ ಪೊಟ್ಟಣದಲ್ಲಿ ಬರುತ್ತದೆ. ಅದನ್ನು ಉಪ್ಪುನೀರಿನ ದ್ರಾವಣದಲ್ಲಿ ಚೆನ್ನಾಗಿ ಜಾಲಾಡಿಸಿ, ಶುಚಿಗೊಳಿಸಿದ ಗಾಯದ ಮೇಲೆ ಹಾಸಿ, ಕೆಳಗೆ ಸಿಕ್ಕ ಗಾಳಿಗುಳ್ಳೆ ಮತ್ತು ದ್ರವವನ್ನು ಒದ್ದೆ ಗಾಜ್ ಬಟ್ಟೆಯಿಂದ ಅಂಚಿನತ್ತ ಒತ್ತಿ ಹೊರದೂಡುತ್ತಾರೆ. ಕೆಲವೇ ತಾಸಿನಲ್ಲಿ ಹಾಳೆ ಒಣಗಿ, ತೆಳುವಾದ ಪಾರದರ್ಶಕ ಪೊರೆಯಾಗಿ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ನೋವು ಅಲ್ಲಿಗೇ ಕಡಿಮೆಯಾಗುತ್ತದೆ, ಏಕೆಂದರೆ ತೆರೆದಿದ್ದ ನರತುದಿಗಳಿಗೆ ಗಾಳಿ ತಾಗುವುದು ನಿಲ್ಲುತ್ತದೆ. ದಿನವೂ ಪಟ್ಟಿ ಬಿಚ್ಚುವ ಯಾತನೆ ತಪ್ಪುವುದು ಮಕ್ಕಳಿಗೆ ಸಣ್ಣ ಲಾಭವಲ್ಲ. ಕೆಳಗೆ ಹೊಸ ಚರ್ಮ ಮೂಡಿದಂತೆ ಹಾಳೆಯ ಅಂಚು ಎದ್ದು ಬರುತ್ತದೆ. ಎದ್ದಷ್ಟನ್ನು ಕತ್ತರಿಸುತ್ತ ಹೋಗುತ್ತಾರೆ. ಹಾಳೆಯಡಿ ಕೀವು ಕಂಡರೆ ಆ ಭಾಗವನ್ನು ತಡಮಾಡದೆ ತೆಗೆಯಬೇಕು. ಮೇಲ್ಪದರದ ಸುಟ್ಟಗಾಯಕ್ಕೂ ಕಸಿ ತೆಗೆದ ದಾನಿಜಾಗಕ್ಕೂ ಇದು ಒಪ್ಪುತ್ತದೆ. ಆಳವಾದ ಗಾಯವನ್ನು ಇದರಿಂದಲೇ ಮಾಯಿಸಹೊರಟರೆ ಕಾಲಹರಣವಾಗುತ್ತದೆ.

ಹೆರಿಗೆಯ ನಂತರ ಸಿಗುವ ಗರ್ಭಪೊರೆಯನ್ನು ಚರ್ಮದ ಮೇಲೆ ಬಳಸಿದ ವರದಿ 1910ರಿಂದಲೇ ಇದೆ. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆಯಾದ ತಾಯಂದಿರಿಂದ ಪಡೆದು ಸಂಸ್ಕರಿಸುತ್ತಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕು ಅದನ್ನು ಒಣಗಿಸಿ ಗಾಮಾ ವಿಕಿರಣದಿಂದ ಶುದ್ಧೀಕರಿಸಿ ಒದಗಿಸುತ್ತ ಬಂದಿದೆ. ಬಡವರ ಆಸ್ಪತ್ರೆಗಳಿಗೆಂದೇ ಮುಂಬೈನಲ್ಲಿ ರೂಪುಗೊಂಡ ಇನ್ನೆರಡು ಹೊದಿಕೆಗಳನ್ನು ಇಲ್ಲಿ ಹೆಸರಿಸಬೇಕು: 1980ರ ದಶಕದಲ್ಲಿ ಎಂ.ಎಚ್. ಕೇಸ್ವಾನಿ ಅವರ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಪಟ್ಟಿ, ಆಮೇಲೆ ಮಾಧುರಿ ಗೋರೆ ಅವರ ಬಾಳೆಎಲೆ ಪಟ್ಟಿ. ಇವು ಚರ್ಮಪರ್ಯಾಯ ಎನಿಸಿಕೊಳ್ಳದಿದ್ದರೂ ಅಂಟದ, ತೇವ ಉಳಿಸುವ ಹೊದಿಕೆ ಎಷ್ಟು ಅಗ್ಗವಾಗಬಲ್ಲದು ಎಂಬುದನ್ನು ಸಾಬೀತುಪಡಿಸಿದವು.

ದಾನದ ಚರ್ಮ ದೊಡ್ಡ ಸುಟ್ಟಗಾಯಕ್ಕೆ ಇಂದಿಗೂ ಅತ್ಯುತ್ತಮ ತಾತ್ಕಾಲಿಕ ಹೊದಿಕೆ. ಮರಣದ ನಂತರ 6 ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ಕೂದಲೆಳೆಯ ಕೆಲವು ಪಟ್ಟು ದಪ್ಪದ ಮೇಲ್ಪದರವನ್ನಷ್ಟೇ ತೆಗೆಯುತ್ತಾರೆ. ಕೆಲಸಕ್ಕೆ ಮುಕ್ಕಾಲು ಗಂಟೆಯಷ್ಟು ಸಾಕು. ದೇಹ ವಿರೂಪವಾಗುವುದಿಲ್ಲ, ರಕ್ತ ಸುರಿಯುವುದಿಲ್ಲ, ಪಟ್ಟಿ ಕಟ್ಟಿ ಮನೆಯವರಿಗೆ ಒಪ್ಪಿಸುತ್ತಾರೆ. ಶೇ 85ರ ಗ್ಲಿಸರಾಲ್‌ನಲ್ಲಿ ಅದ್ದಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ 5 ವರ್ಷದವರೆಗೆ ಬಳಸಬಹುದು. ರಕ್ತದ ಗುಂಪು ಹೊಂದಬೇಕಿಲ್ಲ. ರೋಗಿಯ ದೇಹ ಇದನ್ನು ಕೆಲವು ವಾರಗಳಲ್ಲಿ ತಿರಸ್ಕರಿಸುತ್ತದೆ, ಆದರೆ ಜೀವ ಉಳಿಯುವುದು ಆ ಕೆಲವು ವಾರಗಳಲ್ಲೇ. ಭಾರತದ ಮೊದಲ ಚರ್ಮ ಬ್ಯಾಂಕು 2000ದಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಶುರುವಾಯಿತು. ಕರ್ನಾಟಕದ ಮೊದಲನೆಯದು 2016ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ರೋಟರಿಯ ನೆರವಿನಿಂದ. ಉತ್ತರ ಕರ್ನಾಟಕದಲ್ಲಿ ಬೆಳಗಾವಿಯ ಕೆಎಲ್ಇ ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕಿದೆ.

ಒಳಚರ್ಮದ ಪರ್ಯಾಯಗಳು. ಇಂಟೆಗ್ರಾ ಜೊತೆಗೆ ಕೊಲಾಜೆನ್-ಎಲಾಸ್ಟಿನ್ ಕೂಡಿದ ಮ್ಯಾಟ್ರಿಡರ್ಮ್, ದಾನದ ಚರ್ಮದಿಂದ ಕೋಶಗಳನ್ನು ತೊಳೆದು ಹಂದರವನ್ನಷ್ಟೇ ಉಳಿಸಿದ ಅಲೋಡರ್ಮ್, ಪಾಲಿಯುರೆಥೇನ್ ನೊರೆಯಿಂದ ಮಾಡಿದ ನೊವೊಸಾರ್ಬ್ ಈ ಗುಂಪಿನವು. ಪೂರ್ತಿ ಸಂಶ್ಲೇಷಿತವಾದ ನೊವೊಸಾರ್ಬ್ ಸೋಂಕನ್ನು ಪ್ರಾಣಿಮೂಲದ ಹಂದರಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದು ಶಸ್ತ್ರವೈದ್ಯರ ಅನುಭವ. ಐಸ್‌ಲೆಂಡಿನ ಕಾಡ್ ಮೀನಿನ ಚರ್ಮದ ಹಂದರವೂ ಬಳಕೆಯಲ್ಲಿದೆ. ಭಾರತದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹಂದಿಯ ಪಿತ್ತಕೋಶದ ಹಂದರದಿಂದ ‘ಕೋಲಿಡರ್ಮ್’ ರೂಪಿಸಿದೆ. ಅದಕ್ಕೆ 2023ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ದೊರೆತಿದೆ.

ಹೊರಚರ್ಮದ ಪರ್ಯಾಯಗಳು. ರೋಗಿಯ ಅಂಚೆಚೀಟಿಯಷ್ಟು ಚರ್ಮದಿಂದ ಮೂರು ನಾಲ್ಕು ವಾರದಲ್ಲಿ ಚದರ ಮೀಟರಿನಷ್ಟು ಹೊರಚರ್ಮ ಬೆಳೆಸಬಹುದು. ಆದರೆ ಅದು ಕೆಲವೇ ಕೋಶಗಳ ದಪ್ಪದ ಹಾಳೆ. ಆಧಾರಪೊರೆ ಗಟ್ಟಿಯಾಗುವವರೆಗೆ ತಿಂಗಳುಗಟ್ಟಲೆ ಗುಳ್ಳೆಯೇಳುತ್ತದೆ, ಉಜ್ಜಿದರೆ ಸುಲಿಯುತ್ತದೆ. ಆಸ್ಟ್ರೇಲಿಯಾದ ಫಿಯೊನಾ ವುಡ್ ಇದಕ್ಕೆ ಬೇರೆ ದಾರಿ ಹಿಡಿದು, ಕೋಶಗಳನ್ನು ಬೇರ್ಪಡಿಸಿ ಗಾಯದ ಮೇಲೆ ಸಿಂಪಡಿಸುವ ವಿಧಾನ ತಂದರು. 2002ರ ಬಾಲಿ ಬಾಂಬ್ ಸ್ಫೋಟದ ಗಾಯಾಳುಗಳ ಚಿಕಿತ್ಸೆಯಿಂದ ಅದು ಜಗತ್ತಿಗೆ ಪರಿಚಯವಾಯಿತು. ಇದಕ್ಕೆ ಹತ್ತಿರದ ಕೋಶದ್ರವ ವಿಧಾನವನ್ನು ಚರ್ಮರೋಗ ತಜ್ಞರು ತೊನ್ನಿಗೆ ಬಣ್ಣ ಮರಳಿಸಲು ಬಳಸುತ್ತಾರೆ.

ಸಂಯುಕ್ತ ಪರ್ಯಾಯಗಳು. ಕೊಲಾಜೆನ್ ಜಾಲದಲ್ಲಿ ನವಜಾತ ಶಿಶುವಿನ ಫೈಬ್ರೊಬ್ಲಾಸ್ಟ್, ಮೇಲೆ ಕೆರಟಿನೋಸೈಟ್ ಬೆಳೆಸಿದ ಆಪ್ಲಿಗ್ರಾಫ್ 1998ರಲ್ಲಿ ಅಮೆರಿಕದಲ್ಲಿ ರಕ್ತನಾಳದ ಕಾಲುಹುಣ್ಣಿಗೂ 2000ದಲ್ಲಿ ಮಧುಮೇಹದ ಪಾದಹುಣ್ಣಿಗೂ ಒಪ್ಪಿಗೆ ಪಡೆಯಿತು. ಇದು ಗಾಯಕ್ಕೆ ಶಾಶ್ವತವಾಗಿ ಕಚ್ಚಿಕೊಳ್ಳುವುದಿಲ್ಲ. ಬೆಳವಣಿಗೆಯ ಅಂಶಗಳನ್ನು ಸ್ರವಿಸಿ, ಮಲಗಿದ್ದ ಗಾಯವನ್ನು ಎಚ್ಚರಿಸಿ ಮರೆಯಾಗುತ್ತದೆ. ಜೀವಂತ ಸರಕಾದ್ದರಿಂದ ಇದರ ಆಯಸ್ಸು ದಿನಗಳ ಲೆಕ್ಕದ್ದು.

ಉಪಯೋಗಗಳು

ಸುಟ್ಟಗಾಯ ಮೊದಲನೆಯದು. ದೇಶದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಮಂದಿಗೆ ಸುಟ್ಟಗಾಯವಾಗುತ್ತದೆ, 1.4 ಲಕ್ಷ ಮಂದಿ ಸಾಯುತ್ತಾರೆ ಎಂಬುದು ಕೇಂದ್ರ ಸರ್ಕಾರದ ಸುಟ್ಟಗಾಯ ತಡೆ ಕಾರ್ಯಕ್ರಮ ಬಳಸುವ ಅಂದಾಜು. ಹಾವೇರಿ ಸೀಮೆಯಲ್ಲಿ ಸ್ನಾನದ ನೀರಿನ ಹಂಡೆ, ಸೀಮೆಎಣ್ಣೆ ಸ್ಟೋವ್, ಮಿರ್ಚಿ ಕರಿಯುವ ಬಾಣಲೆಯ ಎಣ್ಣೆ ದಿನನಿತ್ಯದ ಕಾರಣಗಳು. 2023ರ ಆಗಸ್ಟ್‌ನಲ್ಲಿ ಹಾವೇರಿ ಸಮೀಪದ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ ನಡೆದಂಥ ಬೆಂಕಿ ಅನಾಹುತಗಳೂ ಇವೆ. ಹೊಲದ ಪಂಪ್‌ಸೆಟ್ಟಿನ ವಿದ್ಯುತ್ ಆಘಾತ ಬೇರೆಯದೇ ಬಗೆ. ಹೊರಗೆ ಗಾಯ ಚಿಕ್ಕದಾಗಿ ಕಂಡರೂ ಒಳಗೆ ಸ್ನಾಯು, ಮೂಳೆಯವರೆಗೆ ಬೆಂದಿರುತ್ತದೆ. ಅಲ್ಲಿ ಹಾಳೆ ಹಚ್ಚಿ ಪ್ರಯೋಜನವಿಲ್ಲ. ಸತ್ತ ಅಂಗಾಂಶ ತೆಗೆದು ಪಟಲದಿಂದ ಮುಚ್ಚಬೇಕು.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರ, ಚೀಲ ತುಂಬುವವರ ಕೈ ಉರಿಯನ್ನು ಸುಟ್ಟಗಾಯವೆಂದು ಎಣಿಸಬಾರದು. ಕ್ಯಾಪ್ಸೈಸಿನ್ ನರತುದಿಗಳ ಶಾಖಗ್ರಾಹಿಯನ್ನು ಕೆರಳಿಸಿ ಸುಟ್ಟಂತೆ ಭಾಸವಾಗಿಸುತ್ತದೆಯೇ ಹೊರತು ಚರ್ಮವನ್ನು ಬೇಯಿಸುವುದಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಬ್ಯಾಡಗಿ ಕಾಯಿಯ ಹೆಸರುವಾಸಿ ಗುಣವೇ ಆದರೂ ದಿನವಿಡೀ ಹಿಡಿದರೆ ಅದೂ ಉರಿಸುತ್ತದೆ. ಆ ಕೈಗೆ ಬೇಕಾದದ್ದು ಎಣ್ಣೆ, ಸೋಪು, ಕೈಗವಸು. ಆದರೆ ಮೊದಲೇ ಸೀಳಿದ, ಗಾಯವಾದ ಕೈಗೆ ಪುಡಿ ತಾಗುತ್ತಿದ್ದರೆ ಉರಿಯೂತ ಹೆಚ್ಚಿ ಗಾಯ ಮಾಯಲು ತಡವಾಗುತ್ತದೆ.

ದೀರ್ಘಕಾಲದ ಹುಣ್ಣು ಎರಡನೆಯದು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶ ಹೋಗಿರುತ್ತದೆ. ಮುಳ್ಳು ಚುಚ್ಚಿದ್ದು, ಚಪ್ಪಲಿ ತಿಂದದ್ದು ತಿಳಿಯುವುದಿಲ್ಲ. ‘ಕಾಲುಗಾಯ ಮಾಯವಲ್ದು’ ಎಂದು ಅವರು ಆಸ್ಪತ್ರೆಗೆ ಬರುವ ಹೊತ್ತಿಗೆ ಸೋಂಕು ಎಲುಬು ಮುಟ್ಟಿರಬಹುದು. ಇಲ್ಲಿ ಚಿಕಿತ್ಸೆಯ ಕ್ರಮ ಬದಲಿಸುವಂತಿಲ್ಲ: ರಕ್ತಸಂಚಾರ ಪರೀಕ್ಷೆ, ಸೋಂಕು ನಿವಾರಣೆ, ಪಾದದ ಮೇಲಿನ ಭಾರ ತಪ್ಪಿಸುವುದು, ಸಕ್ಕರೆ ಹತೋಟಿ, ಆಮೇಲೆ ಚರ್ಮಪರ್ಯಾಯ. ರಕ್ತ ಹರಿಯದ ಪಾದಕ್ಕೆ ಎಷ್ಟು ಬೆಲೆಯ ಹಾಳೆ ಹಚ್ಚಿದರೂ ಕೊಳೆಯುತ್ತದೆ. ಕುಷ್ಠರೋಗದಿಂದ ಸ್ಪರ್ಶ ಹೋದ ಪಾದದ ಹುಣ್ಣಿಗೂ ಭಾರ ತಪ್ಪಿಸುವುದೇ ಮೊದಲ ಮದ್ದು.

ಹಾವು ಕಡಿತ ಕೃಷಿ ಜಿಲ್ಲೆಗಳಲ್ಲಿ ಚರ್ಮನಷ್ಟಕ್ಕೆ ದೊಡ್ಡ ಕಾರಣ, ಆದರೂ ಈ ವಿಷಯದ ಬರಹಗಳಲ್ಲಿ ಅದರ ಹೆಸರು ಬರುವುದು ಕಡಿಮೆ. ನಾಗರಹಾವು ಮತ್ತು ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಅಂಗಾಂಶವನ್ನು ಕೊಲ್ಲುತ್ತದೆ. ಪ್ರತಿವಿಷದಿಂದ ಜೀವ ಉಳಿದ ಮೇಲೂ ಮೀನಖಂಡ, ಪಾದದ ಚರ್ಮ ಕಪ್ಪಾಗಿ ಕಳಚುತ್ತದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಗೋವಿನಜೋಳ ಒಕ್ಕುವ ಯಂತ್ರಕ್ಕೆ, ಹೆದ್ದಾರಿ ಅಪಘಾತದಲ್ಲಿ ಗಾಲಿಗೆ ಸಿಕ್ಕು ಚರ್ಮ ಕಾಲುಚೀಲದಂತೆ ಸುಲಿದುಹೋಗುವ ಗಾಯಗಳು ಇನ್ನೊಂದು ಗುಂಪು. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರಿನ ಪಕ್ಕದಲ್ಲೇ ಹಾದುಹೋಗುತ್ತದೆ.

ಪುನಾರಚನೆಯಲ್ಲಿ ಹಳೆಯ ಸುಟ್ಟಗಾಯದ ಮುದುಡನ್ನು ಬಿಡಿಸುವುದು ಮುಖ್ಯ ಬಳಕೆ. ಕುತ್ತಿಗೆ, ಕಂಕುಳು, ಮೊಣಕೈಯ ಕಲೆಯನ್ನು ಕತ್ತರಿಸಿ ಬಿಡಿಸಿದಾಗ ತೆರೆದುಕೊಳ್ಳುವ ಜಾಗಕ್ಕೆ ಒಳಚರ್ಮದ ಹಂದರ ಹಚ್ಚಿದರೆ ಮತ್ತೆ ಮುದುಡುವುದು ಕಡಿಮೆ. ಗಡ್ಡೆ ತೆಗೆದ ನೆತ್ತಿ, ದೊಡ್ಡ ಹುಟ್ಟುಮಚ್ಚೆ, ಸ್ನಾಯುರಜ್ಜು ಕಾಣುವ ಗಾಯಗಳಲ್ಲೂ ಉಪಯೋಗವಿದೆ. 2015ರಲ್ಲಿ ಜರ್ಮನಿಯ ಬೋಖುಮ್‌ನಲ್ಲಿ, ಹುಟ್ಟಿನಿಂದಲೇ ಚರ್ಮ ಗುಳ್ಳೆಯೇಳುವ ಆನುವಂಶಿಕ ಕಾಯಿಲೆಯ 7 ವರ್ಷದ ಬಾಲಕನಿಗೆ ಇಟಲಿಯ ಮಿಕೇಲೆ ಡೆ ಲೂಕಾ ಅವರ ತಂಡ ಜೀನ್ ಸರಿಪಡಿಸಿದ ಅವನದೇ ಹೊರಚರ್ಮ ಬೆಳೆಸಿಕೊಟ್ಟಿತು. ಅವನ ಮೈಯ ಸುಮಾರು ಶೇ 80 ಭಾಗ ಹೀಗೆ ಹೊಸದಾಯಿತು.

ಮಿತಿಗಳು

ಇಂದಿನ ಯಾವ ಚರ್ಮಪರ್ಯಾಯದಲ್ಲೂ ಬೆವರುಗ್ರಂಥಿಯಿಲ್ಲ, ಕೂದಲಿಲ್ಲ. ಮೈಯ ಬಹುಭಾಗ ಕಸಿಯಾದವರಿಗೆ ಬೇಸಗೆಯ ಹೊಲದಲ್ಲಿ ದುಡಿಯುವುದು ಅಪಾಯಕರ, ಏಕೆಂದರೆ ಮೈ ತಣಿಯುವುದಿಲ್ಲ. ಬಹುತೇಕ ಪರ್ಯಾಯಗಳಲ್ಲಿ ಮೆಲನೋಸೈಟ್ ಇಲ್ಲದ್ದರಿಂದ ಕಂದು, ಕಪ್ಪು ಮೈಬಣ್ಣದವರಲ್ಲಿ ಕಲೆ ಎದ್ದು ಕಾಣುತ್ತದೆ. ಬಿಳಿ ಚರ್ಮದವರ ಮೇಲೆ ನಡೆದ ಹೆಚ್ಚಿನ ಅಧ್ಯಯನಗಳು ಈ ತೊಂದರೆಗೆ ತಕ್ಕ ತೂಕ ಕೊಟ್ಟಿಲ್ಲ. ರಕ್ತನಾಳ ಹಬ್ಬುವವರೆಗೆ ಹಂದರಕ್ಕೆ ರೋಗನಿರೋಧಕ ಬಲವಿರುವುದಿಲ್ಲ. ಸ್ಯೂಡೊಮೊನಾಸ್ ಸೋಂಕು ತಗುಲಿದರೆ ರಾತ್ರೋರಾತ್ರಿ ಪೂರ್ತಿ ಹಾಳೆ ಕೈಬಿಡಬೇಕಾಗಬಹುದು.

ವಸ್ತುವಿನ ಮೂಲವೂ ವಿಚಾರಾರ್ಹ. ದನ, ಹಂದಿ, ಮೀನು ಇವುಗಳಲ್ಲಿ ಯಾವುದರಿಂದ ಬಂದದ್ದೆಂದು ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯುವುದು ವೈದ್ಯರ ಹೊಣೆ. ಲಿಂಗಾಯತ, ಜೈನ, ಮುಸ್ಲಿಂ ಕುಟುಂಬಗಳು ಅಕ್ಕಪಕ್ಕ ಬಾಳುವ ಈ ಭಾಗದಲ್ಲಿ ಈ ಮಾತನ್ನು ಒಪ್ಪಿಗೆಪತ್ರದ ಸಣ್ಣಕ್ಷರಕ್ಕೆ ಬಿಡುವುದು ಸಲ್ಲದು. ಪ್ರಾಣಿಮೂಲ ಬೇಡವೆಂದವರಿಗೆ ಸಂಶ್ಲೇಷಿತ ಹಂದರ, ಗರ್ಭಪೊರೆ, ದಾನದ ಚರ್ಮ ಇವೆ. ಕರ್ನಾಟಕದ ರೇಷ್ಮೆಯೂ, ಹುಳುವಿನಿಂದ ಬಂದ ಪ್ರಾಣಿಮೂಲದ್ದೇ ಆದರೂ, ಗಾಯದ ಹೊದಿಕೆಗಳ ಸಾಲಿಗೆ ಬರುತ್ತಿದೆ: ರೇಷ್ಮೆಯ ಫೈಬ್ರೊಯಿನ್ ಪ್ರೋಟೀನಿನಿಂದ ಗಾಯದ ಹೊದಿಕೆಗಳನ್ನು ಬೆಂಗಳೂರಿನ ಫೈಬ್ರೊಹೀಲ್ ಸಂಸ್ಥೆ ತಯಾರಿಸುತ್ತದೆ.

ಹಾವೇರಿ ಜಿಲ್ಲೆಯಲ್ಲಿ ಲಭ್ಯತೆ

1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ ಜಿಲ್ಲಾ ಆಸ್ಪತ್ರೆ, ರಾಣೆಬೆನ್ನೂರು ಮತ್ತು ಬ್ಯಾಡಗಿಯೂ ಸೇರಿ ತಾಲ್ಲೂಕು ಆಸ್ಪತ್ರೆಗಳಿವೆ. ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2022-23ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ದೊಡ್ಡ ಸುಟ್ಟಗಾಯವಾದವರನ್ನು ಹಾವೇರಿ, ಬ್ಯಾಡಗಿಯಿಂದ ಸಾಮಾನ್ಯವಾಗಿ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಜನ ಇಂದಿಗೂ ‘ಕಿಮ್ಸ್’ ಎನ್ನುವಲ್ಲಿಗೆ, ಕಳಿಸುತ್ತಾರೆ. ರಾಣೆಬೆನ್ನೂರಿನವರಿಗೆ ದಾವಣಗೆರೆಯ ಬೋಧನಾ ಆಸ್ಪತ್ರೆಗಳು ಹತ್ತಿರ.

ಈ ದಾರಿಯಲ್ಲಿ ಪರ್ಯಾಯಗಳ ಆಯ್ಕೆ ತಾನಾಗಿಯೇ ಸೋಸಿಹೋಗುತ್ತದೆ. ಆಪ್ಲಿಗ್ರಾಫ್‌ನಂಥ ಜೀವಂತ ಪದರಗಳಿಗೆ ನಿಗದಿತ ತಾಪಮಾನವೂ ಅವಸರದ ಸಾಗಣೆಯೂ ಬೇಕು, ಬೆಳೆಸಿದ ಹೊರಚರ್ಮಕ್ಕೆ ಪ್ರಯೋಗಾಲಯ ಬೇಕು. ಆಮದು ಹಂದರಗಳ ಬೆಲೆ ಕೆಲವು ಎಕರೆ ಮಳೆಯಾಶ್ರಿತ ಹೊಲದ ಕುಟುಂಬಕ್ಕೆ ಎಟುಕದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಭರವಸೆಯಿದ್ದು, ಸುಟ್ಟಗಾಯವೂ ಅದರಲ್ಲಿ ಸೇರಿದೆ. ಆದರೆ ಪ್ಯಾಕೇಜಿನ ಮೊತ್ತ ನಿಗದಿಯಾಗಿರುವುದರಿಂದ ದುಬಾರಿ ಹಂದರಕ್ಕೆ ಅದರಲ್ಲಿ ಜಾಗ ಸಿಗುವುದು ಕಷ್ಟ. ಜಿಲ್ಲೆಯ ಮಟ್ಟದಲ್ಲಿ ನೆಚ್ಚಬಹುದಾದವು ಮೂರು: ಸಾಮಾನ್ಯ ತಾಪಮಾನದಲ್ಲಿ ಉಳಿಯುವ ಕೊಲಾಜೆನ್ ಹಾಳೆ, ಒಣಗಿಸಿದ ಗರ್ಭಪೊರೆ, ರೋಗಿಯದೇ ತೊಡೆಯಿಂದ ತೆಗೆದ ತೆಳು ಚರ್ಮದ ಕಸಿ. ಮೂರನ್ನೂ ತರಬೇತಾದ ಸಾಮಾನ್ಯ ಶಸ್ತ್ರವೈದ್ಯರು ನಿಭಾಯಿಸಬಲ್ಲರು.

ಇವೆಲ್ಲಕ್ಕಿಂತ ಮೊದಲಿನ ಚಿಕಿತ್ಸೆ ಮನೆಯಲ್ಲೇ ಆಗುವಂಥದ್ದು. ಸುಟ್ಟ ಕೂಡಲೇ 20 ನಿಮಿಷ ಹರಿಯುವ ತಣ್ಣೀರು ಬಿಟ್ಟರೆ ಗಾಯ ಆಳಕ್ಕಿಳಿಯುವುದು ತಗ್ಗುತ್ತದೆ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೂದಿ ಬಳಿದರೆ ಗಾಯದ ಆಳ ವೈದ್ಯರಿಗೆ ಕಾಣುವುದಿಲ್ಲ, ಅದನ್ನು ಉಜ್ಜಿ ತೊಳೆಯುವಾಗ ಉಳಿದಿದ್ದ ಒಳಚರ್ಮವೂ ಹಾಳಾಗುತ್ತದೆ. ಬಕೆಟ್ ನೀರು ಸುರಿದು, ಶುಭ್ರ ಬಟ್ಟೆ ಹೊದಿಸಿ, 108ಕ್ಕೆ ಕರೆ ಮಾಡಿದರೆ ಎಷ್ಟೋ ಮಂದಿಗೆ ಕಸಿಯೇ ಬೇಕಾಗುವುದಿಲ್ಲ.

ಸದ್ಯದ ಸ್ಥಿತಿ

ಸಂಶೋಧನೆ ಮೂರು ಕಡೆ ಸಾಗಿದೆ: ಮೊದಲೇ ರಕ್ತನಾಳಗಳನ್ನು ಹೊಂದಿದ ಹಂದರ, ಗಾಯದ ಮೇಲೆ ನೇರವಾಗಿ ಕೋಶ ಅಚ್ಚೊತ್ತುವ ಜೈವಿಕ ಮುದ್ರಣ, ಕೂದಲ ಬುಡವನ್ನೂ ಒಳಗೊಂಡ ಚರ್ಮವನ್ನು ಕಾಂಡಕೋಶದಿಂದ ಬೆಳೆಸುವುದು. ಕೊನೆಯದು 2020ರಲ್ಲಿ ಪ್ರಯೋಗಾಲಯದಲ್ಲಿ ಸಾಧ್ಯವಾಯಿತು, ರೋಗಿಯ ಹಾಸಿಗೆಗೆ ಇನ್ನೂ ಬಂದಿಲ್ಲ. ಇತರರ ಕೋಶಗಳಿಂದ ಬೆಳೆಸಿದ ಸ್ಟ್ರ್ಯಾಟಾಗ್ರಾಫ್ 2021ರಲ್ಲಿ ಅಮೆರಿಕದಲ್ಲಿ ಸುಟ್ಟಗಾಯಕ್ಕೆ ಒಪ್ಪಿಗೆ ಪಡೆಯಿತು. ಭಾರತದಲ್ಲಿ ಕೋಶರಹಿತ ಹಂದರಗಳು 2017ರ ವೈದ್ಯಕೀಯ ಸಾಧನ ನಿಯಮಗಳಿಗೂ ಕೋಶವುಳ್ಳ ಉತ್ಪನ್ನಗಳು 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳಿಗೂ ಒಳಪಡುತ್ತವೆ. ಚರ್ಮದಾನ 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿಯಿಂದ ಕಾನೂನಿನ ಚೌಕಟ್ಟಿಗೆ ಸೇರಿತು. ರಾಜ್ಯದಲ್ಲಿ ಅಂಗ, ಅಂಗಾಂಶ ದಾನದ ಸಮನ್ವಯ ‘ಜೀವಸಾರ್ಥಕತೆ’ ಸಂಸ್ಥೆಯದು.

ಹಾವೇರಿ ಭಾಗಕ್ಕೆ ತಕ್ಷಣದ ಪರಿಣಾಮ ಬೀರಬಲ್ಲದ್ದು ಈ ದಾನವೇ. ನೇತ್ರದಾನಕ್ಕೆ ಜನ ಒಗ್ಗಿಕೊಂಡಿದ್ದಾರೆ, ಚರ್ಮದಾನದ ಮಾತು ಮನೆಗಳಿಗೆ ಇನ್ನೂ ಹೊಸದು. 18 ದಾಟಿದ, ಸೋಂಕು ಮತ್ತು ಚರ್ಮದ ಕ್ಯಾನ್ಸರ್ ಇಲ್ಲದ ಯಾರ ಚರ್ಮವನ್ನಾದರೂ ಮರಣದ ನಂತರ ಕುಟುಂಬದವರ ಒಪ್ಪಿಗೆಯಿಂದ ಪಡೆಯಬಹುದು, ವೃದ್ಧಾಪ್ಯ ಅಡ್ಡಿಯಲ್ಲ. ತೊಡಕಿರುವುದು ಗಡಿಯಾರದಲ್ಲಿ. ಬೆಳಗಾವಿಯಿಂದ ಹಾವೇರಿಗೆ ರಸ್ತೆಯಲ್ಲಿ ಸುಮಾರು 3 ಗಂಟೆ, ರಾಣೆಬೆನ್ನೂರಿಗೆ ಇನ್ನೂ ಅರ್ಧ ಗಂಟೆ ಹೆಚ್ಚು. ಸಾವಿನ ದುಃಖದಲ್ಲಿರುವ ಮನೆಯವರು ನಿರ್ಧರಿಸಿ ಫೋನು ಮಾಡುವುದು ತಡವಾದರೆ 6 ಗಂಟೆಯ ಅವಧಿ ದಾರಿಯಲ್ಲೇ ಕಳೆದುಹೋಗುತ್ತದೆ. ಚರ್ಮ ತೆಗೆಯಲು ಶಸ್ತ್ರಕ್ರಿಯಾ ಕೊಠಡಿ ಬೇಕಿಲ್ಲ, ಡರ್ಮಟೋಮ್ ಯಂತ್ರ, ಗ್ಲಿಸರಾಲ್ ಪಾತ್ರೆ, ತಣ್ಣನೆಯ ಪೆಟ್ಟಿಗೆ ಮತ್ತು ತರಬೇತಾದ ಸಣ್ಣ ತಂಡ ಸಾಕು. ಅಂಥ ಸಂಗ್ರಹ ತಂಡವೊಂದನ್ನು ಹಾವೇರಿಯ ವೈದ್ಯಕೀಯ ಕಾಲೇಜಿನಲ್ಲಿ ಸಜ್ಜುಗೊಳಿಸಿ ಕಾಯ್ದೆಯಡಿ ನೋಂದಾಯಿಸಿದರೆ ಚರ್ಮವನ್ನು ಸಂಸ್ಕರಣೆಗೆ ಬೆಳಗಾವಿಗೆ ಕಳಿಸಬಹುದು, ಮತ್ತು ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಆ 6 ಗಂಟೆಯೊಳಗೆ ಬರುತ್ತವೆ.